ಕೋಳಿಮರಿ ಕರುಳಿನ ಚಿಗವ್ವ

ನಮ್ಮ ಚಿಗವ್ವ ಹುಟ್ಟಿದಂದಿನಿಂದ ಇವತ್ತಿನವರೆಗೆ ಒಂದೇ ಒಂದು ತತ್ತಿಯನ್ನು ಬಾಯಿಗಿಟ್ಟವಳಲ್ಲ. ಹುಟ್ಟುಹಬ್ಬದ ಕೇಕನ್ನು ಕೂಡ ಮೂಸಿ ನೋಡಿ, ಅನುಮಾನ ಬಂದರೆ ತಟ್ಟೆಯನ್ನು ಪಕ್ಕದವರ ಕಡೆ ಸರಿಸಿಬಿಡುವ ಕಟ್ಟಾ ಶಿವಭಕ್ತೆ. ಕೊರಳಲ್ಲಿ ಲಿಂಗ, ಹಣೆಯ ಮೇಲೆ ಮೂರು ಬೆರಳಿನ ವಿಭೂತಿ. ಆದರೂ ನಮ್ಮ ಬೈಲಹೊಂಗಲ ಸೀಮೆಯ ಕೋಳಿಗಳ ಹೊಟ್ಟೆಯೊಳಗೆ ಏನೇನು ನಡೆದಿದೆ ಎಂಬುದು ಆ ಕೋಳಿಗಳಿಗಿಂತ ಚೆನ್ನಾಗಿ ಗೊತ್ತಿರುವುದು ಅವಳಿಗೇ!

ನಂಬಿಕೆ ಬರಲಿಲ್ಲವೇ? ಹಾಗಾದರೆ ನೀವು ಬಸ್ಸಿನಲ್ಲಿ ಅವಳ ಪಕ್ಕ ಕೂತಿಲ್ಲ ಎಂದಾಯಿತು. ನಿಮ್ಮ ಪುಣ್ಯ ದೊಡ್ಡದು. ಕೂತವರಲ್ಲಿ ಯಾರಾದರೂ ಸೌಜನ್ಯಕ್ಕೆಂದು "ಎಲ್ಲಿ ಹೊಂಟೀರಿ ಅಕ್ಕಾರ?" ಎಂದು ಕೇಳಿದರೋ, ಮುಗಿಯಿತು.

"ಸವದತ್ತಿಗ್ರಿ. ಅಂದಂಗ, ಕೋಳಿಮರಿ ತತ್ತಿ ಒಡದು ಹೊರಗ ಬಂದ ಮ್ಯಾಲೆ ಎಲ್ಲಾಕಿಂತ ಜಲ್ದಿ ಬೆಳಿಯೂದು ಯಾವುದು ಗೊತ್ತೈತೇನ್ರಿ? ರೆಕ್ಕಿ ಅಲ್ಲ, ಕಾಲಲ್ಲ. ಕರುಳು!"

ಇಷ್ಟು ಹೇಳಿ ಸುಮ್ಮನಾಗುತ್ತಾಳೆಯೇ? ಕೈಚೀಲದಿಂದ ಒಂದು ಟರ್ಕಿ ಟವೆಲ್ ಹೊರಗೆ ಬರುತ್ತದೆ. ಆ ಟವೆಲ್ಲಿನಿಂದ ಅವಳು ಮುಖ ಒರೆಸಿಕೊಂಡಿದ್ದನ್ನು ನಾನು ಯಾವತ್ತೂ ಕಂಡಿಲ್ಲ. ಅದು ಪಾಠದ ಸಾಮಾನು. "ಕರುಳಿನ ಒಳಮೈ ಹಿಂಗ ಇರತೈತಿ ನೋಡ್ರಿ. ಈ ಎಳಿ ಎದ್ದಾವಲ್ಲ, ಇವು ಕರುಳಿನ ಬೆರಳು. ಎಷ್ಟ ಉದ್ದ ಬೆಳಿತಾವೋ ಅಷ್ಟ ತಿಂದದ್ದು ಮೈಗೆ ಹತ್ತತೈತಿ. ಮುಟ್ಟಿ ನೋಡ್ರಿ, ಮುಟ್ರಿ, ನಾಚಬ್ಯಾಡ್ರಿ!" ಒಮ್ಮೆ ಸವದತ್ತಿಗೆ ಟಿಕೇಟು ತೆಗೆಸಿದ್ದ ಹಿರಿಯರೊಬ್ಬರು ಯರಗಟ್ಟಿಯಲ್ಲೇ ಇಳಿದುಬಿಟ್ಟರು. "ಪಾಪ, ಏನೋ ನೆನಪಾತು ಅನಸ್ತೈತಿ ಅವರಿಗೆ," ಎಂದಳು ಚಿಗವ್ವ.

ಕರುಳು ಎಂದರೆ ನಮ್ಮ ನಿಮ್ಮಂಥವರಿಗೆ ಮಮತೆ, ಮರುಕ, ಹೆತ್ತ ಹೊಟ್ಟೆಯ ಸಂಕಟ. ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. 'ಕರುಳು ಚುರ್ ಎಂದಿತು' ಎಂಬುದಕ್ಕೆ ಮಕ್ಕಳಿಂದ ಸ್ವಂತ ವಾಕ್ಯ ಬರೆಸಿದವಳು. ಚಿಗವ್ವನಿಗೆ ಕರುಳು ಎಂದರೆ ಕರುಳು! ಅದಕ್ಕೆ ಇಂತಿಷ್ಟು ಉದ್ದವಿರಬೇಕು, ಇಂತಿಷ್ಟು ದಪ್ಪವಿರಬೇಕು.

ಈ ಹುಚ್ಚು ಹತ್ತಿದ್ದು ಹೇಗೆ? ಅದಕ್ಕೆ ಸಂಪಗಾಂವದ ನಮ್ಮ ಅಜ್ಜನ ಮನೆಗೆ ಹೋಗಬೇಕು. ಚಿಗವ್ವ ನನ್ನ ಅವ್ವನ ಬೆನ್ನಿಗೆ ಬಿದ್ದ ತಂಗಿ. ಶಾಲೆಯಲ್ಲಿ ಭಾಳ ಶಾಣ್ಯಾಕಿ. ಅವಳಿಗೆ ಪಶುವೈದ್ಯಕೀಯ ಕಾಲೇಜಿನಲ್ಲಿ ಸೀಟು ಸಿಕ್ಕಾಗ ಒಕ್ಕಲುತನದ ಅಜ್ಜ ಮನೆಮನೆಗೆ ಪೇಢೆ ಹಂಚಿಸಿದ್ದನಂತೆ. "ನನ್ನ ಮಗಳು ಎತ್ತಿನ ಡಾಕ್ಟರ ಆಗತಾಳ. ಇನ್ನ ನಮ್ಮೂರ ಎತ್ತಿಗೆ ಕೆಮ್ಮ ಬಂದ್ರ ಬೈಲಹೊಂಗಲಕ್ಕ ಓಡೂದ ಬ್ಯಾಡ!" ಊರೆಲ್ಲ ಎತ್ತು ಎಮ್ಮೆಗಳ ಜಡ್ಡನ್ನು ನೆನಪಿಟ್ಟುಕೊಂಡು ಅವಳು ರಜೆಗೆ ಬರುವುದನ್ನೇ ಕಾಯುತ್ತಿತ್ತು. ನಾಲ್ಕೈದು ವರ್ಷದ ಮೇಲೆ ಅವಳು ಬಂದು ಹೇಳಿದ್ದೇನು? ಎತ್ತಿನ ಡಾಕ್ಟರಿಕೆ ಸಾಕು, ಮುಂದೆ ಕೋಳಿಮರಿಯ ಕರುಳಿನ ಮೇಲೆ ಸಂಶೋಧನೆ ಮಾಡುತ್ತೇನೆ ಎಂದು!

ಅಜ್ಜ ಹೆಗಲ ಮೇಲಿನ ವಸ್ತ್ರ ತೆಗೆದು ಒಮ್ಮೆ ಜಾಡಿಸಿದನಂತೆ. ಆಮೇಲೆ, "ಎತ್ತಿನಿಂದ ಕೋಳಿಗೆ ಯಾಕ ಇಳದಿಬೇ?" ಎಂದ.

"ಇಳದಿಲ್ಲಪ್ಪಾ, ಒಳಗ ಹೋಗೇನಿ," ಎಂದಳಂತೆ ಮಗಳು.

ಅಜ್ಜ ಹೇಗೋ ಸುಮ್ಮನಾದ. ಆದರೆ ಆಯಿ? ಆಯಿ, ಅಂದರೆ ನನ್ನ ಅವ್ವನ ಅವ್ವ, ಮಡಿಯಲ್ಲಿ ಗಟ್ಟಿ ಹೆಂಗಸು. ಮಗಳು ರಜೆಗೆ ಬಂದರೆ ಹೊಸ್ತಿಲ ಹೊರಗೇ ನಿಲ್ಲಿಸಿ ಎರಡೂ ಅಂಗೈ ಮೂಸಿ ನೋಡುತ್ತಿದ್ದಳು. ಹಿತ್ತಲಲ್ಲಿ ಒಂದು ಸ್ನಾನ, ಬಚ್ಚಲಲ್ಲಿ ಇನ್ನೊಂದು ಸ್ನಾನ. ಇಷ್ಟಾದ ಮೇಲೂ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವಂತಿಲ್ಲ. ಬಡಿದ ರೊಟ್ಟಿ ತಿನ್ನಬಹುದು, ಅಷ್ಟೆ. "ಮೈ ತೊಳದರ ಹೋದೀತು, ತಲ್ಯಾಗಿನ ಕೋಳಿ ಹ್ಯಾಂಗ ತೊಳ್ಯೂದು?" ಎಂಬುದು ಆಯಿಯ ಕೊರಗು.

ಕಡೆಗೊಮ್ಮೆ ಚಿಗವ್ವನ ಡಾಕ್ಟರೇಟಿನ ದಪ್ಪ ಪುಸ್ತಕ ಮನೆಗೆ ಬಂತು. ಇಂಗ್ಲಿಷಿನ ಪುಸ್ತಕ, ಮನೆಯಲ್ಲಿ ಯಾರಿಗೂ ಒಂದು ಸಾಲೂ ತಿಳಿಯಲಿಲ್ಲ. ಆಯಿ ಅದಕ್ಕೆ ವಿಭೂತಿ ಹಚ್ಚಿ ನಡುವಿನ ಹಾಳೆ ತೆರೆದಳು. ಅಲ್ಲಿ ಎರಡು ಫೋಟೋ ಇದ್ದವು. ಸೂಕ್ಷ್ಮದರ್ಶಕದಲ್ಲಿ ತೆಗೆದ ಕರುಳಿನ ಒಳಮೈ ಎಂದು ಆಯಿಗೆ ಯಾರೂ ಹೇಳಲಿಲ್ಲ. ಹೇಳುವ ಧೈರ್ಯ ಯಾರಿಗಿತ್ತು? ಆಯಿ ಕಣ್ಣು ಕಿರಿದು ಮಾಡಿ ನೋಡಿದಳು. "ಜ್ವಾಳದ ಹೊಲ ಏನಬೇ ಇದು?"

ಚಿಗವ್ವ ಉಸಿರು ಬಿಗಿಹಿಡಿದು, "ಹೂಂ," ಎಂದಳು.

"ಇದು ಛಲೋ ಬಂದೈತಿ, ತೆನಿ ಎತ್ತರ ಅದಾವ. ಇದು ಗಿಡ್ಡ ಉಳದೈತಿ ನೋಡ. ಇದಕ್ಕ ಮೊದಲಿಗೆ ನೀರ ಬಿಟ್ಟಿಲ್ಲ. ಮೊದಲ ತಪ್ಪಿದ್ದು ಆಮ್ಯಾಗ ಎಷ್ಟ ನೀರ ಬಿಟ್ರೂ ತುಂಬಂಗಿಲ್ಲ."

ಚಿಗವ್ವ ಕುಂತಲ್ಲೇ ಕುಂತಳು! ಯಾಕೆಂದರೆ ಒಂದು ಫೋಟೋ ಹುಟ್ಟಿದ ಕೂಡಲೇ ಕಾಳು ತಿಂದ ಮರಿಯದು, ಇನ್ನೊಂದು ಎರಡು ದಿನ ಉಪವಾಸ ಇಟ್ಟ ಮರಿಯದು. ಐದು ವರ್ಷ ಕಣ್ಣು ಕೆಡಿಸಿಕೊಂಡು ಬರೆದದ್ದನ್ನು ಸಾಲಿ ಕಲಿಯದ ಅವ್ವ ಒಂದು ನೋಟದಲ್ಲಿ ಓದಿ ಮುಗಿಸಿದ್ದಳು. ಆವತ್ತು ರಾತ್ರಿಯ ರೊಟ್ಟಿಯನ್ನು ಚಿಗವ್ವನೇ ಬಡಿದಳಂತೆ. ಆಯಿ ಬೇಡ ಎನ್ನಲಿಲ್ಲ. ಹೊಲದ ಮೇಲೆ ಪುಸ್ತಕ ಬರೆದವಳ ಕೈ ಮೈಲಿಗೆ ಹೇಗಾದೀತು?

ಚಿಗವ್ವ ಮದುವೆ ಆಗಲಿಲ್ಲ. ಯಾಕೆಂದು ಕೇಳಿದರೆ "ಕೇಳಾಕ ಬಂದವರೆಲ್ಲ ನನಗ ಏನು ಅಡಗಿ ಬರತೈತಿ ಅಂತ ಕೇಳಿದ್ರು. ನನಗ ಏನು ಗೊತ್ತೈತಿ ಅಂತ ಒಬ್ಬಾಂವನೂ ಕೇಳಲಿಲ್ಲ," ಎನ್ನುತ್ತಾಳೆ. ನಗುತ್ತಲೇ ಎನ್ನುತ್ತಾಳೆ. ದೂರದ ಊರಿನ ಕಾಲೇಜಿನಲ್ಲಿ ಮೂವತ್ತು ವರ್ಷ ಕಲಿಸಿ, ನಿವೃತ್ತಳಾಗಿ ಬೈಲಹೊಂಗಲಕ್ಕೆ ಬಂದು, ನಮ್ಮ ಮನೆಯಿಂದ ಎರಡು ಓಣಿ ಆಚೆ ಮನೆ ಹಿಡಿದಳು. ಅವಳು ಬಂದ ವಾರದಲ್ಲೇ ನನ್ನನ್ನು ನೋಡಲು ರಾಮದುರ್ಗದಿಂದ ಗಂಡಿನ ಕಡೆಯವರು ಬರುವವರಿದ್ದರು.

ಅವ್ವ ತಂಗಿಯ ಎರಡೂ ಕೈ ಹಿಡಿದು ಬೇಡಿಕೊಂಡಿದ್ದಳು. "ನಿನ್ನ ಕಾಲ ಬೀಳತೇನಿ, ಇವತ್ತೊಂದ ದಿನ ಕೋಳಿ ಸುದ್ದಿ ತಗೀಬ್ಯಾಡ."

"ಛೇ, ನನಗ ಅಷ್ಟೂ ತಿಳಿಯಂಗಿಲ್ಲೇನ ಅಕ್ಕಾ?" ಎಂದಳು ಚಿಗವ್ವ. ಕೊಟ್ಟ ಮಾತನ್ನು ಉಳಿಸಿಕೊಂಡಳು ಕೂಡ. ಪಡಸಾಲೆಯಲ್ಲಿ ಎಲ್ಲರ ಕೈಗೂ ಉಪ್ಪಿಟ್ಟಿನ ಪ್ಲೇಟು ಬರುವವರೆಗೆ!

ಗಂಡಿನ ತಂದೆ ಮೊದಲ ತುತ್ತು ಬಾಯಿಗಿಟ್ಟು, "ನೀವು ಏನ ನೌಕರಿ ಮಾಡತಿದ್ರಿ ಅಕ್ಕಾರ?" ಎಂದರು. ಕೇಳಿದವರು ಅವರು, ಇವಳ ತಪ್ಪೇನು? ಐದು ನಿಮಿಷದಲ್ಲಿ ಟರ್ಕಿ ಟವೆಲ್ ಹೊರಗೆ ಬಂದಿತ್ತು. ಅವ್ವ ಅಡುಗೆಮನೆಯ ಬಾಗಿಲಿಗೆ ಹಣೆ ಒತ್ತಿ ನಿಂತಿದ್ದಳು. ಗಂಡಿನ ತಾಯಿ ಉಪ್ಪಿಟ್ಟನ್ನು ಸದ್ದಿಲ್ಲದೆ ಟೀಪಾಯಿಯ ಮೇಲಿಟ್ಟರು. ಚಿಗವ್ವ ನಿಲ್ಲುವ ಪೈಕಿಯೇ?

"ಪ್ರತಿ ಜೀವಕಣದಾಗೂ ಎಲ್ಲಾ ವಂಶವಾಹಿ ಇರತಾವ್ರಿ. ಮನಿ ತುಂಬ ದೀಪ ಇದ್ದಾಂಗ. ಆದ್ರ ಎಲ್ಲಾ ದೀಪ ಒಮ್ಮೆಲೆ ಹಚ್ಚತೀವೇನು? ಅಡಗಿಮನ್ಯಾಗ ಅಡಗಿ ಹೊತ್ತಿಗೆ, ದೇವರಮನ್ಯಾಗ ಪೂಜಾ ಹೊತ್ತಿಗೆ. ಯಾವ ಬಟನ್ ಯಾವಾಗ ಒತ್ತಬೇಕು, ಯಾವಾಗ ಆರಸಬೇಕು, ಅದ ಎಲ್ಲಾ ಗಮ್ಮತ್ತು. ಮರಿ ತತ್ತಿಯೊಳಗ ಇದ್ದಾಗ ತತ್ತಿಯ ಹಳದಿಯೊಳಗಿನ ಜಿಡ್ಡ ತಿಂದು ಬೆಳೆದಿರತೈತಿ. ಕಾಳಂದ್ರ ಏನಂತ ಗೊತ್ತಿರಂಗಿಲ್ಲ. ಆದ್ರ ಹೊರಗ ಬರಾಕ ಎರಡ-ಮೂರ ದಿನ ಇರೂವಾಗ್ಲೇ ಕಾಳು ಅರಗಿಸೂ ಬಟನ್ ಒಂದೊಂದ ಚಾಲೂ ಆಗಾಕ ಹತ್ತತಾವ!"

ಮೂಲೆಯ ಕುರ್ಚಿಯಲ್ಲಿ ಅಲ್ಲಿಯವರೆಗೆ ತಲೆ ತಗ್ಗಿಸಿ ಕೂತಿದ್ದ ಗಂಡು ಮೊದಲ ಸಲ ಬಾಯಿ ತೆರೆದ. "ಅಲ್ರಿ, ತತ್ತಿಯೊಳಗ ಇರೂ ಮರಿಗೆ ಮುಂದ ತನಗ ಕಾಳ ಸಿಗತಾವ ಅಂತ ಹ್ಯಾಂಗ ಗೊತ್ತಾಗತೈತಿ?"

ಚಿಗವ್ವ ಟವೆಲ್ಲನ್ನು ಮಡಿಲಲ್ಲಿಟ್ಟು ಅವನನ್ನೇ ನೋಡಿದಳು. "ಇದೊಂದ ಪ್ರಶ್ನೆಗೆ ನಂದು ಮೂವತ್ತು ವರ್ಷ ಹೋಗ್ಯಾವಪಾ," ಎಂದಳು. ಆಮೇಲೆ ಸೀದಾ ಒಳಗೆ ಬಂದು, ಸೀರೆಯುಟ್ಟು ಬೆವರುತ್ತಿದ್ದ ನನ್ನ ಕಿವಿಯಲ್ಲಿ, "ಕೇಳಾಂವ ಅದಾನ. ಮಾಡ್ಕೋ," ಎಂದಳು. ನಾನು ಮಾಡಿಕೊಂಡೆ. ಇವತ್ತಿಗೂ ನಮ್ಮತ್ತೆಗೆ ಉಪ್ಪಿಟ್ಟು ಮಾಡಿಕೊಟ್ಟರೆ ಮೊದಲು ಸ್ವಲ್ಪ ದಿಟ್ಟಿಸಿ ನೋಡುತ್ತಾರೆ.

ನಿವೃತ್ತರಾದವರು ಏನು ಮಾಡುತ್ತಾರೆ? ಕಾಶಿಗೆ ಹೋಗುತ್ತಾರೆ, ಕುಂಡದಲ್ಲಿ ಗುಲಾಬಿ ಬೆಳೆಸುತ್ತಾರೆ. ಚಿಗವ್ವ ಪಡಸಾಲೆಯಲ್ಲಿ ತಗಡಿನ ಸುತ್ತುಗೋಡೆ ಕಟ್ಟಿ, ಮೇಲೆ ಬಲ್ಬು ತೂಗುಬಿಟ್ಟು, ನಲವತ್ತು ಕೋಳಿಮರಿ ತಂದುಬಿಟ್ಟಳು! ಅವಳ ಓಣಿಯೋ, ಈರುಳ್ಳಿಯನ್ನೂ ಸೋಮವಾರ ಹೆಚ್ಚದ ಓಣಿ. ಎದುರಿನ ಕಿರಾಣಿ ಅಂಗಡಿಯ ಯಜಮಾನರು ಕೈಮುಗಿದುಕೊಂಡೇ ಬಂದರು.

"ಬಾಯಾರ, ಶಿವಪೂಜಾ ಮಾಡೂ ಮಂದಿ ಇರೂ ಓಣಿರಿ ಇದು. ಇಲ್ಲಿ ಕೋಳಿ ಸಾಕೂದು ಸರಿ ಕಾಣಂಗಿಲ್ಲ."

"ನಾ ಎಲ್ಲಿ ಸಾಕೇನ್ರಿ? ಅವು ಪಾಠಕ್ಕ ಬಂದಾವ."

ಪಾಠವೇನೋ ನಿಜವೇ. ಆ ಪಾಠ ಶುರುವಾದದ್ದು ಸಾಲಹಳ್ಳಿಯ ಯಲ್ಲವ್ವನಿಂದ. ರಾಮದುರ್ಗ ತಾಲೂಕಿನ ಸಾಲಹಳ್ಳಿಯಲ್ಲಿ ನನ್ನ ಗಂಡನ ಹೊಲದ ಪಕ್ಕ ಅವಳ ಮನೆ. ಕೋಳಿ ಸಾಕಿ ಸಂಸಾರ ತೂಗಿಸುವ ಹೆಂಗಸು. ಮೋಟಾರಸೈಕಲ್ಲಿನ ಮೇಲೆ ಬುಟ್ಟಿ ಕಟ್ಟಿಕೊಂಡು ಮರಿ ಮಾರಲು ಬರುವವನಿಂದ ಮರಿ ಕೊಳ್ಳುತ್ತಿದ್ದಳು. ಪ್ರತಿ ಸಲವೂ ಮೊದಲ ವಾರದಲ್ಲೇ ಅರ್ಧಕ್ಕರ್ಧ ಸಾಯುತ್ತಿದ್ದವು. ಉಳಿದವೂ ಬಡಕಲು. ಅವಳು ಯಾರ ಕಣ್ಣು ಬಿತ್ತೋ ಎಂದು ಬುಟ್ಟಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದಳು. ಸಾಯುವವು ಸತ್ತೇ ಸತ್ತವು. ಹಬ್ಬಕ್ಕೆ ನಮ್ಮ ಜೊತೆ ಸಾಲಹಳ್ಳಿಗೆ ಬಂದಿದ್ದ ಚಿಗವ್ವ ಆ ಬುಟ್ಟಿಯ ಮುಂದೆ ಕುಕ್ಕರುಗಾಲಲ್ಲಿ ಕೂತಳು.

"ಮರಿ ಬಂದ ಕೂಡ್ಲೇ ಏನ ಹಾಕತಿ?"

"ಏನಿಲ್ರಿ. ಎರಡ ದಿನ ಏನೂ ಹಾಕಬ್ಯಾಡ ಅಂತಾನ್ರಿ ಮರಿಯಾಂವ. ಹೊಟ್ಟ್ಯಾಗ ಬುತ್ತಿ ಕಟಗೊಂಡ ಬಂದಿರತಾವಂತ."

ಬುತ್ತಿಯೇನೋ ಸುಳ್ಳಲ್ಲ. ತತ್ತಿಯ ಹಳದಿ ಇನ್ನೂ ಒಂದಿಷ್ಟು ಮರಿಯ ಹೊಟ್ಟೆಯಲ್ಲಿ ಉಳಿದಿರುತ್ತದೆ. ಆದರೆ ಚಿಗವ್ವನ ಮುಖ ಕೆಂಪಾಯಿತು. "ಮನಿಗೆ ಬಂದ ಪಾವಣ್ಯಾರು ಬುತ್ತಿ ತಂದಾರಂತ ಅವರಿಗೆ ಊಟಕ್ಕ ಹಾಕೂದ ಬಿಡತೀಯೇನವಾ? ಬಾಯಾಗ ಕಾಳ ಬಿದ್ದ ಮ್ಯಾಲೆ ಕರುಳು ಎದ್ದ ಕುಂದರತೈತಿ. ಕೆಲಸ ಬಂತು ಅಂತ ಗೊತ್ತಾದ್ರ ತಾನ ಬೆಳಿತೈತಿ. ಕಾಳ ಬರಲಿಲ್ಲಂದ್ರ ಬೆರಳು ಗಿಡ್ಡ ಉಳಿತಾವ. ಆಮ್ಯಾಲೆ ರಾಶಿ ಹಾಕಿದ್ರೂ ಹಂಗ ಹೊರಗ ಹೋಗತೈತಿ."

ಯಲ್ಲವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಕೋಳಿ ಮುಟ್ಟದ ಓಣಿಯ ಬಾಯಾರು ಕೋಳಿ ಸಾಕುವುದನ್ನು ಕಲಿಸುವುದೆಂದರೆ! "ನೀವು ಹೇಳೂದು ಖರೆ ಇರಬೋದ್ರಿ. ಆದ್ರ ಮರಿಯಾಂವ ಇಪ್ಪತ್ತು ವರ್ಷದಿಂದ ಇದರಾಗ ಅದಾನ."

ಚಿಗವ್ವನ ಮೂವತ್ತು ವರ್ಷಕ್ಕೆ ಇಪ್ಪತ್ತು ವರ್ಷದ ಸವಾಲು! ಬೈಲಹೊಂಗಲದ ಪಡಸಾಲೆಗೆ ನಲವತ್ತು ಮರಿ ಬಂದದ್ದು ಹೀಗೆ. ಇಪ್ಪತ್ತರ ತಲೆಗೆ ಅರಿಶಿಣ, ಇಪ್ಪತ್ತರ ತಲೆಗೆ ಕುಂಕುಮ. ಅರಿಶಿಣದ ಮರಿಗೆ ಬಂದ ಗಳಿಗೆಯಿಂದ ಬೆಚ್ಚಗಿನ ನೀರು, ಸಣ್ಣಗೆ ಒಡೆದ ಜೋಳದ ನುಚ್ಚು. ಕುಂಕುಮದ ಮರಿಗೆ ಯಲ್ಲವ್ವನ ರೂಢಿಯಂತೆ ಎರಡು ದಿನ ಬರೀ ನೀರು. ಯಲ್ಲವ್ವ ತನ್ನ ಕಣ್ಣಿನಿಂದ ನೋಡಿ ಒಪ್ಪಬೇಕೆಂದು ಚಿಗವ್ವ ಅವಳನ್ನೂ ಕರೆಸಿ ಮನೆಯಲ್ಲಿ ಇಟ್ಟುಕೊಂಡಳು. ಮದುವೆಯಾದ ಮೇಲೂ ನನ್ನ ಶಾಲೆ ಬೈಲಹೊಂಗಲದಲ್ಲೇ; ದಿನವೂ ಶಾಲೆ ಮುಗಿಸಿ ಅಲ್ಲಿಗೆ ಹೋಗುತ್ತಿದ್ದೆ. ಅರಿಶಿಣ ಕುಂಕುಮದ ತಲೆಗಳು ಚಿಂವ್ ಚಿಂವ್ ಎಂದು ಓಡಾಡುವುದು ಮುತ್ತೈದೆಯರ ಮೆರವಣಿಗೆಯಂತೆ ಕಾಣುತ್ತಿತ್ತು.

ಎರಡನೇ ವಾರ ತಕ್ಕಡಿ ಬಂತು. ಚಿಗವ್ವ ಕನ್ನಡಕ ಏರಿಸಿ ಒಂದೊಂದೇ ಮರಿ ತೂಗಿದಳು. ಬರೆದಳು. ಮತ್ತೆ ತೂಗಿದಳು. ಅವಳ ಹುಬ್ಬು ಗಂಟಿಕ್ಕುತ್ತ ಹೋಯಿತು. ಅರಿಶಿಣದವೂ ಗುಂಡಗೆ, ಕುಂಕುಮದವೂ ಗುಂಡಗೆ! ಒಂದೂ ಸತ್ತಿಲ್ಲ. ಮೂವತ್ತು ವರ್ಷದ ವಿದ್ಯೆ ಆ ಓಣಿಯ ತಕ್ಕಡಿಯಲ್ಲಿ ನೀರುಪಾಲಾಯಿತೇ?

"ಹೆಂಗ ಸಾಧ್ಯ? ಸಾಧ್ಯನ ಇಲ್ಲ," ಎಂದು ಅವಳು ಮೂರನೇ ಸಲ ತೂಗಲು ಹೊರಟಾಗ ಯಲ್ಲವ್ವ ಮೆಲ್ಲಗೆ ಅಂದಳು. "ಬಾಯಾರ, ಸಿಟ್ಟ ಆಗಬ್ಯಾಡ್ರಿ. ನೀವು ಪೂಜಾಕ್ಕ ಕುಂತಾಗ ಕುಂಕುಮದವಕ್ಕೂ ಒಂದೊಂದ ಮುಷ್ಟಿ ನುಚ್ಚ ಹಾಕೇನ್ರಿ."

"ಯಾವತ್ತ?"

"ಮೊದಲನೇ ದಿನದಿಂದ್ರಿ."

ಚಿಗವ್ವ ತಕ್ಕಡಿ ಕೆಳಗಿಟ್ಟಳು. "ಅಯ್ಯ ನನ ಕರ್ಮ! ನನ್ನ ಪ್ರಯೋಗ ಎಲ್ಲಾ ಕೆಡಿಸಿ ಕುಂತಿಯಲ್ಲ ತಾಯಿ!"

"ಒಂದ ಕಡೆ ತಿನ್ನಾಕ ಹತ್ಯಾವ, ಬಾಜೂಕ ಇವು ಬಾಯಿ ತೆರಕೊಂಡು ಅದನ್ನ ನೋಡಾಕ ಹತ್ಯಾವ. ಹಸದ ಕೂಸು ಅಳೂದ ಕೇಳಿಕೊಂಡು ಸುಮ್ನ ಕುಂದ್ರಾಕ ನನಗ ಬರಲಿಲ್ರಿ. ಊರಾಗ ಆದ್ರ ಗೊತ್ತಿದ್ದಿಲ್ಲ, ಬುತ್ತಿ ಐತಿ ಅಂತ ಮಾಡಿದ್ದೆ. ನೀವ ಹೇಳಿದ್ರೆಲ್ಲ, ಹಸದಿರತಾವ ಅಂತ."

ನಾನು ಚಿಗವ್ವ ಸಿಡಿಯುತ್ತಾಳೆಂದು ಕಾದೆ. ಅವಳು ಸಿಡಿಯಲಿಲ್ಲ. ಕುಂಕುಮದ ತಲೆಯ ಒಂದು ಮರಿಯನ್ನು ಅಂಗೈಯಲ್ಲಿ ಎತ್ತಿಕೊಂಡು ಅದರ ಹೊಟ್ಟೆಯ ಮೇಲೆ ಬೆರಳಾಡಿಸಿದಳು. "ನನಗ ಬರತಿತ್ತು ನೋಡು ಯಲ್ಲವ್ವ. ಮೂವತ್ತು ವರ್ಷ ಸುಮ್ನ ಕುಂತ ಬರದಕೊಂಡೇನಿ," ಎಂದಳು. ಆಮೇಲೆ ಏನು ಹೊಳೆಯಿತೋ, ಹೊಟ್ಟೆ ಹಿಡಿದುಕೊಂಡು ನಗಲು ಶುರು ಮಾಡಿದಳು. ಯಲ್ಲವ್ವನೂ ನಕ್ಕಳು. ಎದುರಿನ ಯಜಮಾನರು ಏನಾಯಿತೆಂದು ಬಾಗಿಲಿಗೆ ಬಂದು, ನಲವತ್ತು ಮರಿಗಳ ನಡುವೆ ಇಬ್ಬರು ಹೆಂಗಸರು ಕಣ್ಣೊರೆಸಿಕೊಂಡು ನಗುವುದನ್ನು ಕಂಡು, ಹಿಂದೆ ಸರಿದರು.

ಪ್ರಯೋಗ ಕೆಟ್ಟಿತು, ಆದರೆ ಯಲ್ಲವ್ವ ಗೆದ್ದಳು. ನಲವತ್ತೂ ಮರಿ ಸಾಲಹಳ್ಳಿಗೆ ಹೋದವು. ಆಮೇಲೆ ತಂದ ಮರಿಗಳಿಗೆ ಅವಳು ಬುಟ್ಟಿ ಇಳಿಸಿದ ಕೂಡಲೇ ನುಚ್ಚು ಹಾಕುತ್ತಾಳೆ; ಅಕ್ಕಪಕ್ಕದವರೂ ಅದನ್ನೇ ಮಾಡುತ್ತಾರೆ. ಒಂದು ದಿನ ಯರಗಟ್ಟಿಯ ಬಸ್‌ಸ್ಟ್ಯಾಂಡಿನ ಮುಂದೆ ಮೋಟಾರಸೈಕಲ್ಲಿನ ಮರಿಯವನು ಗಿರಾಕಿಗಳಿಗೆ ಕೂಗಿ ಹೇಳುತ್ತಿದ್ದ: "ಮನಿಗೆ ಒಯ್ದ ಕೂಡ್ಲೇ ಕಾಳ ಹಾಕ್ರಿ! ಇಲ್ಲಾಂದ್ರ ಕರುಳ ಬೆಳೆಯಂಗಿಲ್ಲ! ಇಪ್ಪತ್ತು ವರ್ಷದ ಅನುಭವದ ಮಾತು ಹೇಳಾಕ ಹತ್ತೇನಿ!" ನಾನು ಚಿಗವ್ವನ ಮುಖ ನೋಡಿದೆ. ಅವಳು ಅವನ ಹತ್ತಿರ ಹೋಗಿ, "ಹೌದೇನ್ರಿ? ಇದು ನನಗ ಗೊತ್ತ ಇರಲಿಲ್ಲ," ಎಂದಳು. ಅವನು ಅವಳಿಗೆ ಹತ್ತು ನಿಮಿಷ ಪಾಠ ಮಾಡಿದ. ಅವಳ ಬದುಕಿನಲ್ಲಿ ಕರುಳಿನ ಬಗ್ಗೆ ಅವಳಿಗೇ ಪಾಠ ಮಾಡಿದ ಧೀರ ಅವನೊಬ್ಬನೇ ಇರಬೇಕು ಎಂದುಕೊಂಡಿದ್ದೆ. ಅಲ್ಲ, ಇನ್ನೊಬ್ಬರಿದ್ದಾರೆ.

ಅದನ್ನು ಹೇಳುವ ಮೊದಲು ಒಂದು ಮಾತು. ನೀವು ಗಾಬರಿಯಾಗುವುದು ಬೇಡ. ನಾನು ಇದನ್ನು ಬರೆಯುತ್ತಿರುವಾಗ ನನ್ನ ಮಗಳು ಪಕ್ಕದ ಖೋಲಿಯಲ್ಲಿ ಹೊಸದಾಗಿ ಸುಣ್ಣ ಬಳಿದ ಗೋಡೆಗೆ ಬಳಪ ಹಚ್ಚುತ್ತಿದ್ದಾಳೆ. ಮೂರು ವರ್ಷದವಳು. ದೊಡ್ಡ ದನಿ. ಎಲ್ಲವೂ ನೆಟ್ಟಗಿದೆ.

ಅವಳು ಹುಟ್ಟುವುದಕ್ಕೆ ಅವಸರ ಮಾಡಿದವಳು. ಮುಂದಿನ ವಾರ ನನಗೆ ಕುಬಸ, ಅಂದರೆ ಸೀಮಂತ, ಮಾಡಬೇಕೆಂದು ಅವ್ವ ಹಸಿರು ಸೀರೆ ತಂದಿಟ್ಟಿದ್ದಳು. ಅಷ್ಟರಲ್ಲಿ, ಎಂಟನೇ ತಿಂಗಳು ಹಿಡಿಯುತ್ತಿದ್ದಂತೆ, ನನ್ನನ್ನು ಬೆಳಗಾವಿಯ ಆಸ್ಪತ್ರೆಗೆ ಓಡಿಸಬೇಕಾಯಿತು. ಹುಟ್ಟಿದಾಗ ಒಂದೂವರೆ ಕಿಲೋ ಕೂಡ ಇರಲಿಲ್ಲ. ನನಗೆ ಒಂದೇ ಸಲ ತೋರಿಸಿ ಕೂಸನ್ನು ಒಯ್ದು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟರು. ಅವ್ವನಿಗೆ ಮೊಣಕಾಲು ನೋವು, ಮೆಟ್ಟಿಲು ಹತ್ತಲಾರಳು. ಗಂಡ ಔಷಧಿಗೆ, ಕಾಗದಪತ್ರಕ್ಕೆ ಓಡಾಡುತ್ತಿದ್ದ. ನನ್ನ ಹತ್ತಿರ ಉಳಿದವಳು ಚಿಗವ್ವ.

ನಾವೆಲ್ಲ ಹೆದರಿದ್ದೆವು, ಈಗ ಇವಳು ಶುರು ಮಾಡುತ್ತಾಳೆ ಎಂದು. ಬೆಚ್ಚಗಿನ ಪೆಟ್ಟಿಗೆ, ಅದರೊಳಗೆ ಬಲಿಯದ ಒಂದು ಜೀವ. ಅವಳ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಸಂದರ್ಭ ಬೇಕೇ? ಆದರೆ ಚಿಗವ್ವ ಒಂದು ಮಾತೂ ಆಡಲಿಲ್ಲ. ಮರುದಿನ ಮಕ್ಕಳ ಡಾಕ್ಟರು ಬಂದರು. ತೀರ ಎಳೆಯ ವಯಸ್ಸಿನ ಹುಡುಗಿ. ನನಗೂ ಚಿಗವ್ವನಿಗೂ ನಿಧಾನವಾಗಿ ತಿಳಿಸಿದಳು.

"ಅಜ್ಜಿ, ಪಾಪುವಿನ ಕರುಳು ಇನ್ನೂ ಪೂರ್ತಿ ತಯಾರಾಗಿಲ್ಲರಿ. ಅದಕ್ಕ ಒಮ್ಮೆಲೆ ಹಾಲು ಕೊಡಾಕ ಬರಂಗಿಲ್ಲ. ಹಂಗಂತ ಬರೇ ಸಲೈನ್ ಮ್ಯಾಲೆ ಬಿಟ್ರೂ ಕರುಳು ಬೆಳೆಯಂಗಿಲ್ಲ. ಎರಡ ತಾಸಿಗೊಮ್ಮೆ ತಾಯಿ ಹಾಲು ಒಂದಿಷ್ಟ ಹನಿ, ನಳಿಗೆಯಿಂದ ಕೊಡತೀವಿ. ಹಾಲು ಬಿದ್ದ ಮ್ಯಾಲೆ ಕರುಳಿಗೆ ತನ್ನ ಕೆಲಸ ತಿಳಿತೈತಿ. ನಿಮಗ ಅರ್ಥ ಆತಲ್ಲರಿ?"

ಚಿಗವ್ವ ಎರಡೂ ಕೈ ಜೋಡಿಸಿ ನಿಂತು ಕೇಳಿದಳು. "ಹೌದ್ರೀ? ಅರ್ಥ ಆತ್ರಿ ಡಾಕ್ಟರ," ಎಂದಳು.

ಡಾಕ್ಟರು ಹೋದ ಮೇಲೆ ನಾನು ಕೇಳಿದೆ. "ಯಾಕ ಚಿಗವ್ವ, ನೀ ಯಾರು ಅಂತ ಹೇಳಬಾರದಿತ್ತೇನು?"

"ಬ್ಯಾಡವಾ. ಆಕಿ ಬಾಯಿಂದ ಕೇಳಿದ್ರ ಖರೆ ಆಗತೈತಿ ಅನಸ್ತು. ನಾ ಹೇಳಿದ್ರ ಬರೇ ಪಾಠ ಆಗತಿತ್ತು."

ನನ್ನ ಎದೆಯಲ್ಲಿ ಹಾಲು ಇಳಿಯುತ್ತಿರಲಿಲ್ಲ. ಹೊತ್ತಿಗೆ ಮುಂಚೆ ಹೆತ್ತವಳು, ಮೇಲೆ ಹೆದರಿಕೆ. ಮೊದಲ ಸಲ ಅರ್ಧ ತಾಸು ಹಿಂಡಿದರೆ ಬಟ್ಟಲ ತಳ ಒದ್ದೆಯಾಗುವಷ್ಟು ಬಂತು. ನಾನು ಅತ್ತುಬಿಟ್ಟೆ. "ಇಷ್ಟರಾಗ ಏನ ಆಗತೈತಿ ಚಿಗವ್ವ?"

"ಇಷ್ಟ ಸಾಕು. ಇಷ್ಟ ಭಾಳ ಆತು," ಎಂದಳು ಅವಳು, ಬಟ್ಟಲನ್ನು ನನ್ನ ಕೈಯಿಂದ ತೆಗೆದುಕೊಳ್ಳುತ್ತ.

ನಾನು ಮಲಗಿದ್ದ ವಾರ್ಡಿನಿಂದ ಕೂಸಿದ್ದ ಕೋಣೆಗೆ ಒಂದು ಉದ್ದನೆಯ ಕಾರಿಡಾರು. ಬಾಗಿಲು ತೆರೆದಿದ್ದರೆ ಮಂಚದ ಮೇಲಿಂದ ಅದರ ಕೊನೆಯವರೆಗೆ ಕಾಣುತ್ತಿತ್ತು. ಚಿಗವ್ವನ ನಡಿಗೆ ಓಟಕ್ಕಿಂತ ಒಂದು ಹೆಜ್ಜೆ ಕಡಿಮೆ. ಎದುರಿಗೆ ಬಂದವರೇ ಗೋಡೆಗೆ ಆತುಕೊಳ್ಳಬೇಕು. ಅಂಥವಳು ಮುಚ್ಚಿದ ಪುಟ್ಟ ಬಟ್ಟಲನ್ನು ಎರಡೂ ಅಂಗೈಯಲ್ಲಿ ಹಿಡಿದು, ಕಣ್ಣು ಅದರ ಮೇಲೇ ನೆಟ್ಟು, ಬರಿಗಾಲಿನಲ್ಲಿ, ಹೆಜ್ಜೆಗೆ ಹೆಜ್ಜೆ ಕೂಡಿಸಿ ನಡೆಯುತ್ತಿದ್ದಳು. ಸ್ಟ್ರೆಚರು ಬಂದರೆ ಗೋಡೆಯ ಕಡೆ ತಿರುಗಿ ನಿಂತು ಬಟ್ಟಲಿಗೆ ಬೆನ್ನಿನ ಮರೆ ಕೊಡುತ್ತಿದ್ದಳು. ಎರಡು ತಾಸಿಗೊಮ್ಮೆ ಹೀಗೆ. ಹೋಗಿ ಬಂದು ಏನನ್ನೂ ಹೇಳುತ್ತಿರಲಿಲ್ಲ. ನಾನು ಕಣ್ಣಲ್ಲೇ ಕೇಳಿದರೆ, "ನೋಡೂಣು," ಎನ್ನುತ್ತಿದ್ದಳು. ಎಲ್ಲದಕ್ಕೂ ಉತ್ತರ ಇದ್ದವಳು!

ಐದನೇ ದಿನ ಮಧ್ಯಾಹ್ನ ನರ್ಸಬಾಯಿ ನಗುತ್ತ ಕಾರಿಡಾರಿಗೆ ಬಂದಳು. "ಅಜ್ಜಿ, ನಿಮ್ಮ ಮೊಮ್ಮಗಳು ಕಕ್ಕ ಮಾಡ್ಯಾಳ್ರಿ! ಕರಿದಲ್ಲ, ಹಳದಿ!"

ಹಳದಿ ಎಂದರೆ ಹಾಲು ಅರಗಿದೆ ಎಂದರ್ಥ. ಕರುಳು ಕೆಲಸ ಹಿಡಿದಿದೆ ಎಂದರ್ಥ. ಅದು ನನಗೆ ಆಮೇಲೆ ತಿಳಿದದ್ದು. ಚಿಗವ್ವನಿಗೆ ಆ ಗಳಿಗೆಯಲ್ಲೇ ತಿಳಿದಿತ್ತು. "ತೋರಸ್ರಿ," ಎಂದಳು. ನರ್ಸಬಾಯಿಗೆ ಆಶ್ಚರ್ಯವಾಗಿರಬೇಕು. ಆದರೂ ಒಳಗೆ ಹೋಗಿ ಅಂಗೈಯಗಲದ ಬಿಳಿ ಬಟ್ಟೆ ತಂದು ಬಾಗಿಲ ಸಂದಿನಿಂದ ಬಿಚ್ಚಿ ತೋರಿಸಿದಳು. ಚಿಗವ್ವ ಬಗ್ಗಿ ನೋಡಿದಳು. ತಿರುಗಿ ನನ್ನ ಕಡೆ ನಡೆದು ಬಂದಳು, ಮಂಚದ ಅಂಚಿನಲ್ಲಿ ಕೂತಳು.

"ಇಷ್ಟ ವರ್ಷ ಕೂದಲೆಳಿ ಅಂಥಾ ಕರುಳು ಬಿಡಿಸೇನಿ, ಕತ್ತರಿಸೇನಿ," ಎಂದಳು. "ಒಂದ ದಿನನೂ ನನ್ನ ಕೈ ನಡಗಿರಲಿಲ್ಲವಾ. ಈಗ ನೋಡಿಲ್ಲೆ."

ಎರಡೂ ಕೈ ನನ್ನ ಮುಂದೆ ಚಾಚಿದಳು. ನಾನು ಅವನ್ನು ಗಟ್ಟಿಯಾಗಿ ಹಿಡಿದುಕೊಂಡೆ.